ಪಕ್ಕದ ಮನೆಯವನ ಕರ್ತವ್ಯ

"ಬದುಕಿದ್ದೀರಾ?"

ಯೆನ್ನೆಕೆ ಕಣ್ಣು ಬಿಡುವ ಮೊದಲೇ ಕಿವಿಗೆ ಬಿದ್ದ ಮಾತು ಇದು.

ಗಂಡಸಿನ ದನಿ! ಅದೂ ತನ್ನ ಅಡುಗೆಮನೆಯಿಂದ!

ಹಾಸಿಗೆಯಿಂದ ಹಾರಿದವಳೇ ನಿಲುವಂಗಿ ಸುತ್ತಿಕೊಂಡಳು. ಇನ್ನೂ ಪೂರ್ತಿ ಬಿಚ್ಚಿರದ ಸೂಟ್‌ಕೇಸಿನಿಂದ ತನ್ನ ಲಟ್ಟಣಿಗೆಯನ್ನು ಎಳೆದುಕೊಂಡು ಓಡಿಬಂದಳು.

ಅಡುಗೆಮನೆಯ ನಡುವೆ ಬಾಗಿಲ ಚೌಕಟ್ಟಿನಷ್ಟೇ ಎತ್ತರದ ಒಬ್ಬ ನಿಂತಿದ್ದ. ಅಂಗಿಯ ತೋಳು ಮೇಲಿನವರೆಗೂ ಒದ್ದೆ. ಮೈಯೆಲ್ಲ ಕೊಟ್ಟಿಗೆಯ ವಾಸನೆ. ತಲೆಗೂದಲಲ್ಲಿ ಹುಲ್ಲು. ಕಾಲಲ್ಲಿ ಬೂಟಿಲ್ಲ, ಬರೀ ಉಣ್ಣೆಯ ಕಾಲುಚೀಲ.

"ಒಂದು ಹೆಜ್ಜೆ ಮುಂದಿಟ್ರೆ ತಲೆ ಒಡೀತೀನಿ!"

"ಇಡಲ್ಲ, ಇಡಲ್ಲ. ಬದುಕಿದ್ದೀರಲ್ಲ, ಅಷ್ಟು ಸಾಕು."

"ಯಾರ್ರೀ ನೀವು? ಒಳಗೆ ಹೇಗೆ ಬಂದ್ರಿ?"

"ಹಿಂಬಾಗಿಲಿಂದ. ಪಕ್ಕದ ಮನೆಯವನು, ಬೆರೆಂಡ್ ಅಂತ. ಈ ಓಣಿಗೆ ಬಂದು ನಾಲ್ಕು ವರ್ಷ. ದನದ ಡಾಕ್ಟರು. ಕರು ಹಾಕಿಸಿ ಮನೆಗೆ ಬರ್ತಿದ್ದೆ. ನೋಡಿದ್ರೆ ನಿಮ್ಮನೆ ಪರದೆ ಮುಚ್ಚಿದ ಹಾಗೇ ಇದೆ. ನಿನ್ನೆ ಸಂಜೆಯಿಂದಲೂ ಮುಚ್ಚಿತ್ತು. ಏನಾಯ್ತೋ ಅಂತ..."

"ಪರದೆ ಮುಚ್ಚಿದ್ರೆ ಸತ್ತೇಹೋದ್ರು ಅಂತಾನಾ?"

"ಈ ಓಣೀಲಿ ಹಾಗೇನೇ," ಎಂದ ಬೆರೆಂಡ್, ತಪ್ಪು ಮಾಡಿದ ಮಗುವಿನ ಮುಖ ಮಾಡಿಕೊಂಡು.

ಯೆನ್ನೆಕೆಗೆ ಸಿಟ್ಟು ನೆತ್ತಿಗೇರಿತ್ತು. ಆದರೂ ಕಣ್ಣು ಅವನ ಕಾಲುಚೀಲದ ಮೇಲೇ ನಿಂತಿತು. ಒಂದರ ತುದಿ ತೂತಾಗಿ ಹೆಬ್ಬೆರಳು ಇಣುಕುತ್ತಿತ್ತು.

"ಅಲ್ಲ, ನಾನು ಸಾಯ್ತಿದ್ದೀನೇನೋ ಅಂತ ಓಡಿಬಂದವರು ಬೂಟು ಬಿಚ್ಚಿಟ್ಟು ಬಂದ್ರಾ?"

"ನೆಲ ಈಗ ತಾನೇ ಒರೆಸಿದ ಹಾಗಿತ್ತು..."

ನಗಬಾರದು ಎಂದುಕೊಂಡಳು. ತುಟಿ ಕೇಳಲಿಲ್ಲ.

ಅವನು ಹೊರಡುವಾಗ ಬಾಗಿಲಲ್ಲಿ ತಿರುಗಿ ನಿಂತು ಹೇಳಿದ, "ಆ ಪರದೆ ಒಂಚೂರು ಸರಿಸಿಬಿಡಿ. ಇಲ್ಲಾಂದ್ರೆ ಡೀನಾ ಆಂಟಿ ಪಾದ್ರಿಗಳನ್ನ ಕರ್ಕೊಂಡು ಬಂದುಬಿಡ್ತಾರೆ."

ಸುಳ್ಳಲ್ಲ! ಪರದೆ ಸರಿಸಿದರೆ ಎದುರು ಮನೆಯ ಕಿಟಕಿಯಲ್ಲಿ ಡೀನಾ ಆಂಟಿ ಕೋಟು ತೊಟ್ಟು, ಟೋಪಿ ಹಾಕಿಕೊಂಡು, ಹೊರಡಲು ಸಿದ್ಧರಾಗಿ ನಿಂತಿದ್ದರು. ಇವಳನ್ನು ಕಂಡು ಕೈ ಬೀಸಿದರು. ಆಮೇಲೆ ತುಸು ನಿರಾಸೆಯಿಂದಲೇ ಟೋಪಿ ತೆಗೆದರು.

ಗಿರಣಿ ಓಣಿಯ ಜನ ಹೀಗೇ ನೋಡಿ. ಇಲ್ಲಿ ಪರದೆ ಮುಚ್ಚುವುದು ಮನೆಯಲ್ಲಿ ಸಾವಾದಾಗ, ಇಲ್ಲವೇ ಹೇಳಿಕೊಳ್ಳಲಾಗದ ಕೆಲಸ ಮಾಡುವಾಗ. ಇದು ಯೆನ್ನೆಕೆಗೆ ಗೊತ್ತಿಲ್ಲದ್ದೇನಲ್ಲ. ಟ್ವೆಂಟೆ ಸೀಮೆಯ ಇದೇ ಹಳ್ಳಿಯಲ್ಲಿ ಹುಟ್ಟಿ ಬೆಳೆದವಳು ಅವಳು. ಆದರೆ ದುಬೈಯ ಬಿಸಿಲಿನಲ್ಲಿ ಇಷ್ಟು ವರ್ಷ ಪರದೆ ಎಳೆದುಕೊಂಡೇ ಬದುಕಿದ ಕೈ, ನಿನ್ನೆ ಸಂಜೆ ತಾನಾಗಿಯೇ ಎಳೆದಿತ್ತು.

ಹದಿನೆಂಟು ತುಂಬಿದ್ದೇ ತಡ, ಊರು ಬಿಟ್ಟಿದ್ದಳು. ಕಾರಣ ಕೇಳಿದವರಿಗೆ ಒಂದೇ ಉತ್ತರ: "ಇಲ್ಲಿ ನಾನು ಸೀನಿದ್ರೆ ಎದುರು ಮನೆಯಿಂದ ಕಷಾಯ ಬರುತ್ತೆ. ನನ್ನ ಸೀನು ನನಗೇ ಇರಲಿ!"

ದುಬೈಯ ದೊಡ್ಡ ಹೋಟೆಲೊಂದರಲ್ಲಿ ಚಿನ್ನದ ರೇಕಿನ ಕೇಕು ಮಾಡುವ ಕೆಲಸ. ಹೆಸರೂ ಬಂತು. ಚಳಿಗಾಲದಲ್ಲಿ ನ್ಯುಮೋನಿಯಾ ಬಂದು ಮಲಗಿದವಳಿಗೆ ಡಾಕ್ಟರು ವಿಶ್ರಾಂತಿ ಎಂದರು. ಅಪ್ಪ ಅಮ್ಮ ಊರು ಬಿಟ್ಟು ಸಮುದ್ರದ ದಂಡೆಯ ಪಟ್ಟಣದಲ್ಲಿ ಹಾಯಾಗಿ ದೋಣಿ ನಡೆಸಿಕೊಂಡಿದ್ದರು, ಅವರ ಮನೆಯಲ್ಲಿ ಒಂದೇ ಕೋಣೆ. ಆಗ ಬಾಲ್ಯದ ಗೆಳತಿ ಲೊಟ್ಟೆ ಫೋನ್ ಮಾಡಿ, "ನಮ್ಮ ಹಿತ್ತಿಲ ಚಿಕ್ಕ ಮನೆ ಖಾಲಿ ಬಿದ್ದಿದೆ, ಬಾರೇ. ನನ್ನ ಹೆರಿಗೆ ಹೊತ್ತಿಗೆ ನೀನಿದ್ರೆ ನನಗೂ ಧೈರ್ಯ" ಎಂದಿದ್ದಳು.

ಆರು ವಾರಕ್ಕೆಂದು ಬಂದಿದ್ದಳು. ಅಷ್ಟರೊಳಗೆ ಹೋಟೆಲಿಗೆ ಉತ್ತರ ಹೇಳಬೇಕು. ಹೂಂ ಎಂದರೆ ಮೂರು ವರ್ಷ ಅಲ್ಲಿಯ ಸಿಹಿತಿಂಡಿ ವಿಭಾಗಕ್ಕೇ ಮುಖ್ಯಸ್ಥೆ.

ಹೂಂ ಅನ್ನದೆ ಇನ್ನೇನು? ಇಲ್ಲಿ ಉಳಿಯಲು ನನಗೆ ಏನಿದೆ?

ಹಾಗಂತ ಅವಳು ತನಗೆ ತಾನೇ ಹೇಳಿಕೊಂಡಿದ್ದಳು.

ಮರುದಿನ ಹಿಂಬಾಗಿಲ ಬಳಿ ಬಟ್ಟಲಲ್ಲಿ ಮೊಟ್ಟೆ. ಅದರ ಮರುದಿನ ಒಲೆಗೆ ಸೀಳಿದ ಸೌದೆ. ಆಮೇಲೊಂದು ದಿನ, ಷೆಡ್ಡಿನಲ್ಲಿ ಬಿದ್ದಿದ್ದ ಹಳೆಯ ಸೈಕಲ್ಲಿನ ಚಕ್ರಗಳು ಗಟ್ಟಿಯಾಗಿದ್ದವು!

ಗಾಳಿ ಇಲ್ಲವೆಂದು ಅವನಿಗೆ ಹೇಗೆ ಗೊತ್ತಾಯಿತು? ನಾನು ಸಂತೆಗೆ ನಡೆದು ಹೋಗಿದ್ದನ್ನು ನೋಡಿದನಾ? ನೋಡಿದರೂ, ಹಾಗೇ ಬಿಡಬಹುದಿತ್ತಲ್ಲ?

ಮೊದಲಾಗಿದ್ದರೆ ಮೈ ಉರಿಯುತ್ತಿತ್ತು. ಈಗ ಕುತೂಹಲ! ಹೊಸ ಊರಿಗೆ ಬಂದ ಪ್ರವಾಸಿಯ ಹಾಗೆ ತನ್ನದೇ ಓಣಿಯನ್ನು ನೋಡತೊಡಗಿದಳು. ಚಹಾದ ಲೋಟ ಹಿಡಿದು ಕಿಟಕಿಯಲ್ಲಿ ಕೂತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಯಾರ ಮನೆಯ ಹಿಂಬಾಗಿಲಿಗೆ ಯಾರು ಹೋಗುತ್ತಾರೆ, ಬರುವಾಗ ಏನು ಹಿಡಿದು ಬರುತ್ತಾರೆ, ಎಲ್ಲ ಬೇಕು ಅವಳಿಗೆ. ಡೀನಾ ಆಂಟಿಯನ್ನೂ ಮೀರಿಸಿದ ಶಿಷ್ಯೆ!

ನಿಜ ಹೇಳಬೇಕೆಂದರೆ, ಓಣಿಗಿಂತ ಹೆಚ್ಚು ನೋಡುತ್ತಿದ್ದದ್ದು ಪಕ್ಕದ ಅಂಗಳವನ್ನೇ. ಸಂಜೆ ಬೆರೆಂಡ್ ನಲ್ಲಿಯಡಿ ಬೂಟು ತೊಳೆಯುತ್ತಾ ಒಂದು ಕಂದು ಕೋಳಿಯ ಜೊತೆ ಗಂಭೀರವಾಗಿ ಮಾತಾಡುತ್ತಿದ್ದ.

ಒಂದು ದಿನ ತಡೆಯಲಾಗದೆ ಬೇಲಿಯ ಬಳಿ ಹೋದಳು.

"ಕೋಳಿ ಹತ್ರ ಅಷ್ಟೊತ್ತು ಏನ್ರೀ ಮಾತಾಡ್ತೀರಿ?"

ಅವನ ಕಿವಿ ಕೆಂಪಾಯಿತು. "ನಾಳೆ ಮಳೆ ಬರುತ್ತೆ ಅಂತ ಹೇಳ್ತಿದ್ದೆ."

"ನಂಬುತ್ತಾ?"

"ಎಲ್ಲಿ! ಅದಕ್ಕೂ ನಿಮ್ಮಷ್ಟೇ ಅನುಮಾನ."

ಅವತ್ತು ಯೆನ್ನೆಕೆ ಮನೆಯೊಳಗೆ ಬಂದು ಒಬ್ಬಳೇ ನಕ್ಕಳು. ನಕ್ಕವಳು ಸರಕ್ಕನೆ ಸುಮ್ಮನಾದಳು. ಅಯ್ಯೋ... ಇದೇನಿದು? ಕೋಳಿಯ ಮೇಲೆ ಹೊಟ್ಟೆಕಿಚ್ಚಾ ನನಗೆ?!

ಏಪ್ರಿಲ್ ನಡುವಿಗೆ ಲೊಟ್ಟೆಗೆ ಹೆಣ್ಣು ಮಗುವಾಯಿತು. ಓಣಿಯಲ್ಲಿ ಸಡಗರವೋ ಸಡಗರ! ಮಗು ಹುಟ್ಟಿದ ಮನೆಗೆ ಮನುಷ್ಯನುದ್ದದ ಒಣದ್ರಾಕ್ಷಿ ರೊಟ್ಟಿಯನ್ನು ಏಣಿಯ ಮೇಲಿಟ್ಟು, ನೆರೆಯವರು ಹೆಗಲ ಮೇಲೆ ಹೊತ್ತು ಒಯ್ಯಬೇಕು. ಪಟ್ಟಣದ ಬೇಕರಿಯಿಂದ ತರಿಸೋಣ ಎಂದ ಯಾರನ್ನೋ ಡೀನಾ ಆಂಟಿ ಕಣ್ಣಲ್ಲೇ ಸುಟ್ಟರು.

"ಬೇಕರಿ ರೊಟ್ಟೀನಾ? ಅದನ್ನ ಹೊರೋಕೆ ಏಣಿ ಯಾಕೆ, ಎರಡು ಬೆರಳು ಸಾಕು! ನಮ್ಮ ಓಣೀಲೇ ರಾಜರಿಗೆ ಕೇಕು ಮಾಡಿದವಳು ಇದ್ದಾಳೆ. ಏನಮ್ಮಾ, ಮಾಡ್ತೀಯಾ? ಇಲ್ಲಾ ನಮ್ಮ ರೊಟ್ಟಿಗೂ ಚಿನ್ನ ಬೇಕು ಅಂತೀಯಾ?"

"ಚಿನ್ನ ಬೇಡ ಆಂಟಿ, ಬೆಣ್ಣೆ ಕೊಡಿ. ನೀವು ಕೊಡ್ತೀನಿ ಅನ್ನೋದರ ಎರಡರಷ್ಟು ಕೊಡಿ."

ಅಷ್ಟುದ್ದದ ರೊಟ್ಟಿ ಮನೆಯ ಒಲೆಯಲ್ಲಿ ಹಿಡಿಯುವುದುಂಟೇ? ಓಣಿಯ ಕೊನೆಯಲ್ಲಿ ಎಲ್ಲರಿಗೂ ಸೇರಿದ ಇಟ್ಟಿಗೆಯ ದೊಡ್ಡ ರೊಟ್ಟಿ ಒಲೆಗೆ ಬೆರೆಂಡ್ ಬೆಳಿಗ್ಗೆಯೇ ಬೆಂಕಿ ಹಾಕಿದ. ಹಿಟ್ಟು ಉಬ್ಬುವವರೆಗೂ ಇಬ್ಬರಿಗೂ ಬೇರೆ ಕೆಲಸವಿಲ್ಲ. ಕಟ್ಟೆಯ ಮೇಲೆ ಕೂತರು.

"ದುಬೈನಲ್ಲಿ ನಿಮ್ಮ ಪಕ್ಕದ ಮನೆಯವರು ಯಾರು?" ಸಹಜವಾಗಿ ಕೇಳಿದ ಅವನು.

ಯೆನ್ನೆಕೆ ಕೈಗಂಟಿದ ಹಿಟ್ಟನ್ನು ಉಜ್ಜಿದಳು.

"ಗೊತ್ತಿಲ್ಲ," ಎಂದಳು. "ಗೋಡೆಯಾಚೆ ಒಬ್ಬರು ಕೆಮ್ಮೋರು. ಈಚೆ ನಾನು ಕೆಮ್ಮುತ್ತಿದ್ದೆ. ಅಷ್ಟೇ ನಮ್ಮ ಪರಿಚಯ."

ಬೆರೆಂಡ್ ನಗಲಿಲ್ಲ.

"ಜ್ವರ ಜಾಸ್ತಿಯಾದಾಗ ಎದ್ದು ನೀರು ಕುಡಿಯೋಕೂ ಆಗ್ತಿರಲಿಲ್ಲ. ಹಗಲೋ ರಾತ್ರಿಯೋ ಗೊತ್ತಾಗ್ತಿರಲಿಲ್ಲ. ಕೊನೆಗೆ ಬಾಗಿಲು ತಟ್ಟಿದ್ದು ಹೋಟೆಲಿನವರು, ಕೆಲಸಕ್ಕೆ ಯಾಕೆ ಬಂದಿಲ್ಲ ಅಂತ ಕೇಳೋಕೆ. ಅವರು ಒಳ್ಳೆಯವರೇ, ಆಸ್ಪತ್ರೆಗೆ ಸೇರಿಸಿದ್ರು. ಆದ್ರೆ ಆ ಮಂಚದ ಮೇಲೆ ಮಲಗಿ ನಾನು ನೆನೆಸಿಕೊಂಡು ಅತ್ತಿದ್ದು ಏನನ್ನ ಗೊತ್ತಾ? ಡೀನಾ ಆಂಟಿಯ ಆ ದರಿದ್ರ ಕಷಾಯಾನ!"

ಕೆನ್ನೆಗೆ ಅಂಟಿದ್ದ ಹಿಟ್ಟಿನ ಮೇಲೆ ಒಂದು ಹನಿ ಇಳಿಯಿತು. ಬೆರೆಂಡ್ ಕೈ ಎತ್ತಿದ. ಅವಳ ಕೆನ್ನೆಯ ಹತ್ತಿರ ತಂದ... ಅಷ್ಟರಲ್ಲಿ ಬೆಂಕಿ ಚಟಪಟ ಎಂದಿತು. ಅವನು ಎದ್ದು ಹೋಗಿ, ಹಾಕಬೇಕಿಲ್ಲದ ಸೌದೆಯನ್ನು ಹಾಕಿದ.

ರೊಟ್ಟಿ ಹೊರಬಂದಾಗ ಇಡೀ ಓಣಿ ಘಮಘಮ. ಏಣಿಯ ಮುಂದಿನ ತುದಿ ಯೆನ್ನೆಕೆಯ ಹೆಗಲಿಗೆ, ಹಿಂದಿನದು ಬೆರೆಂಡನ ಹೆಗಲಿಗೆ. ಇವಳು ಗಿಡ್ಡಿ, ಅವನು ಉದ್ದ. ರೊಟ್ಟಿ ಜಾರಿ ಇವಳ ತಲೆಯ ಮೇಲೇ ಬರತೊಡಗಿತು!

"ಬಗ್ಗಿ ನಡೀರಿ ಡಾಕ್ಟ್ರೇ!"

"ಇದಕ್ಕಿಂತ ಬಗ್ಗಿದ್ರೆ ಅಂಬೆಗಾಲೇ ಗತಿ!"

ಹಿಂದೆ ಮೆರವಣಿಗೆಯಲ್ಲಿ ಬರುತ್ತಿದ್ದವರಿಗೆ ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. "ಜೋಡಿ ಸರಿಯಾಗಿದೆ ಕಣ್ರೋ!" ಎಂದು ಯಾರೋ ಕೂಗಿದರು. ಯೆನ್ನೆಕೆಗೆ ಹೆಗಲು ನೋಯುತ್ತಿತ್ತು, ಬೆನ್ನು ಬೆವೆತಿತ್ತು. ಆದರೂ ಲೊಟ್ಟೆಯ ಮನೆ ಇನ್ನೂ ಸ್ವಲ್ಪ ದೂರ ಇರಬಾರದಿತ್ತೇ ಅನಿಸಿತು.

ಮಗುವನ್ನು ಎತ್ತಿಕೊಂಡು ಬಾಗಿಲಿಗೆ ಬಂದ ಲೊಟ್ಟೆ ರೊಟ್ಟಿಯ ಮೊದಲ ತುಂಡು ಬಾಯಿಗಿಟ್ಟು ಕಣ್ಣು ಮುಚ್ಚಿದಳು.

"ಸ್ವರ್ಗ ಕಣೇ! ಎಲ್ಲ ತಿಂದುಬಿಡಿ, ಇನ್ನೊಂದು ಸಲ ಸಿಗಲ್ಲ. ಇವಳು ಮೂರು ವರ್ಷಕ್ಕೆ ಸಹಿ ಹಾಕಿ ಹೊರಟುಬಿಡ್ತಾಳೆ!"

ಬೆರೆಂಡನ ಕೈಯಲ್ಲಿದ್ದ ತುಂಡು ಬಾಯಿಗೆ ಹೋಗದೆ ತಟ್ಟೆಗೆ ಮರಳಿತು. ಅವನ ಮುಖ ಕಳೆಗುಂದಿದ್ದನ್ನು ಡೀನಾ ಆಂಟಿ ನೋಡಿದರು. ನೋಡಬೇಕಾಗಿದ್ದವಳು ಮಾತ್ರ ಮಗುವಿನ ಬೆರಳು ಎಣಿಸುತ್ತಾ ಕೂತಿದ್ದಳು.

ಖಾಲಿ ಏಣಿ ಹಿಡಿದು ವಾಪಸ್ ಬರುವಾಗ ಯೆನ್ನೆಕೆ ಧೈರ್ಯ ಮಾಡಿದಳು.

"ಬೆರೆಂಡ್, ಒಂದು ಮಾತು ಕೇಳ್ಲಾ? ಮೊಟ್ಟೆ, ಸೌದೆ, ಸೈಕಲ್ಲು... ಇದನ್ನೆಲ್ಲ ಯಾಕೆ ಮಾಡ್ತೀರಿ?"

ಹೇಳು... ದಯವಿಟ್ಟು ಏನಾದರೂ ಹೇಳು!

ಅವನು ಏಣಿಯನ್ನು ಗೋಡೆಗೆ ಒರಗಿಸಿದ. ಅದು ನೆಟ್ಟಗೇ ಇತ್ತು, ಆದರೂ ಮತ್ತೊಮ್ಮೆ ಸರಿಮಾಡಿದ.

"ಪಕ್ಕದ ಮನೆಯವನಲ್ವಾ. ಅದು ನನ್ನ ಕರ್ತವ್ಯ. ಆ ಮನೇಲಿ ಯಾರಿದ್ರೂ ಮಾಡ್ತಿದ್ದೆ."

ಯಾರಿದ್ದರೂ.

"ಹೌದಲ್ವಾ," ಎಂದಳು ಯೆನ್ನೆಕೆ. "ಮರೆತೇಬಿಟ್ಟಿದ್ದೆ. ಈ ಊರಲ್ಲಿ ಅದೆಲ್ಲ ಇದ್ದದ್ದೇ."

ಮನೆಗೆ ಬಂದು ಹಿಂಬಾಗಿಲಿಗೆ ಒರಗಿ ನಿಂತಳು. ಎಂಥ ದಡ್ಡಿ ನಾನು! ಇಲ್ಲಿ ಪಕ್ಕದ ಮನೆಯವನಿಗೆ ಹೆಣ ಹೊರುವುದೂ ಕರ್ತವ್ಯ, ಸೌದೆ ಹೊರುವುದೂ ಕರ್ತವ್ಯ. ಅದನ್ನೇ ನಾನು ಏನೆಂದು ತಿಳಿದುಕೊಂಡೆ! ಕಾಳಜಿಯಿಲ್ಲದ ಊರಲ್ಲಿ ಬಾಯಾರಿ ಬಂದವಳಿಗೆ ಕರ್ತವ್ಯವೂ ಪ್ರೀತಿಯ ಹಾಗೇ ಕಂಡಿತಲ್ಲಾ...

ಅಳು ಬಂತು. ಅತ್ತಳು. ಆಮೇಲೆ ಮುಖ ತೊಳೆದುಕೊಂಡು, ಹೋಗುವುದೇ ಸರಿ ಎಂದು ತೀರ್ಮಾನಿಸಿದಳು. ಭಾನುವಾರ ಸಂಜೆ ಹೋಟೆಲಿಗೆ ಹೂಂ ಎಂದು ಬರೆಯುವುದು, ವಾರದೊಳಗೆ ವಿಮಾನ ಹತ್ತುವುದು.

ಬೆರೆಂಡ್ ಬೇಲಿಯ ಬಳಿ ಕಂಡರೆ ಒಳಗೆ ಹೋಗತೊಡಗಿದಳು. ಅವನೂ ಕೋಳಿಯ ಜೊತೆ ಮಾತು ಬಿಟ್ಟಿದ್ದ. ಮೊಟ್ಟೆ ಮಾತ್ರ ಬರುವುದು ನಿಲ್ಲಲಿಲ್ಲ. ಆ ಬಟ್ಟಲು ಕಂಡಾಗಲೆಲ್ಲ ಅವಳಿಗೆ ಇನ್ನಷ್ಟು ಸಂಕಟ.

ಶನಿವಾರ ಡೀನಾ ಆಂಟಿ ದಾರಿಗೆ ಅಡ್ಡ ನಿಂತರು.

"ಏನೇ, ಓಣಿಗೆ ಒಂದು ಗ್ಲಾಸೂ ಕೊಡದೆ ಹೊರಟುಬಿಡ್ತೀಯಾ? ನಾಳೆ ಚರ್ಚು ಮುಗಿದ ಮೇಲೆ ಎಲ್ಲರನ್ನೂ ಕರಿ. ಬ್ರಾಂಡಿಯಲ್ಲಿ ನೆನೆಸಿದ ಒಣದ್ರಾಕ್ಷಿ ನನ್ನ ಹತ್ರ ಇದೆ, ತಗೋ."

ಬೀಳ್ಕೊಡುಗೆಯ ಔತಣವಿರಬೇಕು ಎಂದುಕೊಂಡಳು ಯೆನ್ನೆಕೆ. ಚಿಕ್ಕವಳಿದ್ದಾಗ ದೊಡ್ಡವರು ಹೀಗೆ ಕೂತು ಚಮಚದಲ್ಲಿ ಬ್ರಾಂಡಿ ದ್ರಾಕ್ಷಿ ತಿನ್ನುವುದನ್ನು ನೋಡಿದ್ದಳು. ಕುಡಿಯಲು ಅವರಿಗೊಂದು ನೆಪ ಎಂದಷ್ಟೇ ತಿಳಿದಿದ್ದಳು.

ಭಾನುವಾರ ಮಧ್ಯಾಹ್ನ ಚಿಕ್ಕ ಮನೆಯ ತುಂಬ ಜನ. ಕುರ್ಚಿ ಸಾಲದೆ ಕೆಲವರು ಕಿಟಕಿಯ ಕಟ್ಟೆಯ ಮೇಲೆ ಕೂತರು. ಲೊಟ್ಟೆಯೂ ಮಗುವಿಗೆ ಹೊದಿಸಿ ಎತ್ತಿಕೊಂಡು ಬಂದಿದ್ದಳು. ಬೆರೆಂಡ್ ಎಲ್ಲರಿಗಿಂತ ಕೊನೆಗೆ ಬಂದು ಬಾಗಿಲ ಪಕ್ಕ ನಿಂತ. ಇವತ್ತು ತೊಳೆದ ಅಂಗಿ, ತೂತಿಲ್ಲದ ಕಾಲುಚೀಲ.

ಯೆನ್ನೆಕೆ ಒಬ್ಬೊಬ್ಬರಿಗೂ ಗ್ಲಾಸು ಕೊಟ್ಟಳು. ಅವನಿಗೆ ಕೊಡುವಾಗ ಕಣ್ಣೆತ್ತಲಿಲ್ಲ.

ಡೀನಾ ಆಂಟಿ ಎದ್ದು ನಿಂತು ಗಂಟಲು ಸರಿಮಾಡಿಕೊಂಡರು.

"ಯೆನ್ನೆಕೆ, ಇಲ್ಲೇ ಹುಟ್ಟಿದ್ರೂ ಊರು ಬಿಟ್ಟು ಹೋಗಿ ಬಂದವಳು ನೀನು, ಇಲ್ಲಿವರೆಗೂ ಈ ಓಣಿಗೆ ದಾರಿಹೋಕಳು. ಈ ಚಮಚ ಬಾಯಿಗಿಟ್ಟ ಮೇಲೆ ನಾವು ನಿನ್ನ ನೆರೆಯವರು. ನೀನು ಎಲ್ಲೇ ಹೋಗು, ಯಾವಾಗಲೇ ಬಾ, ನಿನ್ನ ಒಳಿತು ಕೆಡುಕು ನಮ್ಮದು."

ಯೆನ್ನೆಕೆ ನಕ್ಕಳು. "ಏನಾಂಟಿ, ಬಂದು ಐದು ವಾರ ಆಯ್ತು, ಇನ್ನೂ ದಾರಿಹೋಕಳಾ?"

"ಐದು ವಾರ ಅಲ್ಲ, ಐದು ವರ್ಷ ಇದ್ರೂ ಅಷ್ಟೇ! ಈ ಗ್ಲಾಸು ಕೊಡೋವರೆಗೂ ಯಾರಿಗೂ ನಿನ್ನ ಮೇಲೆ ಯಾವ ಕರ್ತವ್ಯವೂ ಇಲ್ಲ. ನಾನೇನಾದ್ರೂ ನಿನ್ನ ಮನೆಗೆ ಒಂದು ಕಡ್ಡಿ ಸೌದೆ ತಂದೆನಾ?"

"ಇಲ್ಲ..."

"ನೋಡಿದೆ ಅಷ್ಟೇ. ನೋಡೋಕೆ ಯಾರ ಅಪ್ಪಣೆ ಬೇಕು?"

ಎಲ್ಲರೂ ನಕ್ಕರು. ಯೆನ್ನೆಕೆಯ ನಗು ಮಾತ್ರ ಅರ್ಧಕ್ಕೇ ನಿಂತಿತು.

ಯಾವ ಕರ್ತವ್ಯವೂ ಇಲ್ಲ? ಹಾಗಾದರೆ... ಮೊಟ್ಟೆ? ಸೌದೆ? ಸೈಕಲ್ಲು?

ಮೆಲ್ಲಗೆ ಬಾಗಿಲ ಕಡೆ ತಿರುಗಿದಳು. ಎಲ್ಲರ ಗ್ಲಾಸೂ ಅರ್ಧವಾಗಿತ್ತು. ಬೆರೆಂಡನದು ಮಾತ್ರ ಕೊಟ್ಟಂತೆಯೇ ತುಂಬಿತ್ತು.

"ಏ ಬೆರೆಂಡ್, ತಿನ್ನೋ!" ಎಂದರು ಡೀನಾ ಆಂಟಿ. ಅವರ ಕಣ್ಣಲ್ಲಿ ಎಂಥದೋ ಹೊಳಪು.

ಅವನು ಗ್ಲಾಸನ್ನು ಮೇಜಿನ ಮೇಲಿಟ್ಟ. "ಇಲ್ಲ ಆಂಟಿ. ನಾನು ತಿನ್ನಲ್ಲ."

ಈ ಓಣಿಯಲ್ಲಿ ನೆರೆಯ ಗ್ಲಾಸನ್ನು ಬೇಡ ಎಂದವರನ್ನು ಯಾರೂ ಕಂಡಿರಲಿಲ್ಲ. ಅದು ಮುಖಕ್ಕೆ ಬಾಗಿಲು ಹಾಕಿದಂತೆ.

"ಯಾಕೆ ಬೆರೆಂಡ್?" ಎಂದಳು ಯೆನ್ನೆಕೆ. "ನನ್ನ ಮೇಲೆ ಅಷ್ಟು ಕೋಪಾನಾ?"

"ಕೋಪ ಅಲ್ಲ." ಅವನ ಕಿವಿ, ಕತ್ತು, ಎಲ್ಲ ಕೆಂಪು. "ಇದನ್ನ ತಿಂದ್ರೆ ನಾನು ನಿಮ್ಮ ನೆರೆಯವನಾಗಿಬಿಡ್ತೀನಿ. ಆಮೇಲೆ ನಾನು ಏನು ಮಾಡಿದ್ರೂ ಕರ್ತವ್ಯ ಅನ್ನಿಸಿಕೊಳ್ಳುತ್ತೆ. ನಾನು ಮಾಡಿದ್ದು... ಕರ್ತವ್ಯ ಅಲ್ಲ."

"ನೀವೇ ಹಾಗಂದ್ರಲ್ಲ! ಯಾರಿದ್ರೂ ಮಾಡ್ತಿದ್ದೆ ಅಂತ!"

"ಸುಳ್ಳು ಹೇಳಿದೆ. ಹೊರಟು ನಿಂತವಳಿಗೆ ಇನ್ನೇನು ಹೇಳ್ಲಿ? ನೀವು ಇಷ್ಟ, ಹೋಗಬೇಡಿ ಅಂದ್ರೆ ನಿಮ್ಮ ಕಾಲಿಗೆ ಹಗ್ಗ ಕಟ್ಟಿದ ಹಾಗಾಗುತ್ತೆ. ಅದಕ್ಕೇ ಬಾಯಿ ಮುಚ್ಚಿಕೊಂಡೆ. ಆದ್ರೆ ಈ ಗ್ಲಾಸು ಮಾತ್ರ ನನ್ನಿಂದ ಆಗಲ್ಲ ಯೆನ್ನೆಕೆ. ನನಗೆ ನಿಮ್ಮ ನೆರೆಯವನಾಗೋದು ಬೇಡ."

ಕಿಟಕಿಯ ಕಟ್ಟೆಯ ಮೇಲಿದ್ದವರೂ ಕೆಳಗಿಳಿದು ಹತ್ತಿರ ಬಂದರು.

"ನಾವು... ಸ್ವಲ್ಪ ಹೊರಗೆ ಹೋಗೋಣ್ವಾ?" ಎಂದು ಲೊಟ್ಟೆ ಮೆತ್ತಗೆ ಎದ್ದಳು.

"ಕೂತ್ಕೊಳ್ಳೇ!" ಎಂದರು ಡೀನಾ ಆಂಟಿ. "ನಾವೀಗ ಅವಳ ನೆರೆಯವರು. ಕೇಳೋ ಹಕ್ಕಿದೆ."

ಯೆನ್ನೆಕೆಗೆ ಅಳುವೂ ನಗುವೂ ಒಟ್ಟಿಗೇ ಬಂತು. ಇಷ್ಟು ಕಣ್ಣುಗಳು! ಇದೇ ಕಣ್ಣುಗಳಿಗೆ ಹೆದರಿ ಅಲ್ಲವೇ ಅವಳು ಸಮುದ್ರ ದಾಟಿ ಹೋಗಿದ್ದು? ಇವತ್ತು ಒಂದು ಜೊತೆ ಕಣ್ಣು ಕಡಿಮೆಯಾದರೂ ಬೇಡ ಅನಿಸಿತು.

"ಎಲ್ಲರೂ ಎಲ್ಲವನ್ನೂ ನೋಡ್ತಾರೆ ಅಂತ ಊರು ಬಿಟ್ಟವಳು ನಾನು," ಎಂದಳು, ಕಣ್ಣೊರೆಸಿಕೊಳ್ಳುತ್ತಾ. "ಯಾರೂ ನೋಡದೇ ಇರೋ ಕಡೆ ಹೋಗಿ ಬದುಕಿ ಬಂದೆ. ಯಾವುದು ಕಷ್ಟ ಅಂತ ಈಗ ಗೊತ್ತು. ಬೆರೆಂಡ್, ನಾನು ಹೋಗಲ್ಲ. ಆಗಲ್ಲ ಅಂತ ಇವತ್ತೇ ಹೋಟೆಲಿಗೆ ಬರೀತೀನಿ. ನಿನಗೋಸ್ಕರ ಮಾತ್ರ ಅಂದ್ಕೋಬೇಡ. ಇಲ್ಲಿ ಇನ್ನೂ ಎಷ್ಟು ಮಕ್ಕಳು ಹುಟ್ಟಬೇಕು, ರೊಟ್ಟಿ ಯಾರು ಮಾಡ್ತಾರೆ?"

"ನಾನು ಗಿಡ್ಡ ಆಗೋಕಾಗಲ್ಲ," ಎಂದ ಅವನು. "ಏಣಿ ಓರೆಯಾಗೇ ಇರುತ್ತೆ."

"ಇರಲಿ ಬಿಡು."

ಡೀನಾ ಆಂಟಿ ಮೇಜಿನ ಮೇಲಿದ್ದ ಅವನ ಗ್ಲಾಸನ್ನು ತಮ್ಮ ಕಡೆಗೆ ಎಳೆದುಕೊಂಡರು. ದ್ರಾಕ್ಷಿ ಹಾಳಾಗಬಾರದು, ನೋಡಿ. ಆಮೇಲೆ ಎಲ್ಲರೂ ಒಟ್ಟಿಗೇ ಮಾತಾಡತೊಡಗಿದರು, ಲೊಟ್ಟೆ ಅತ್ತಳು, ಮಗು ಎದ್ದು ಇನ್ನೂ ಜೋರಾಗಿ ಅತ್ತಿತು.

ಆ ಗದ್ದಲದ ನಡುವೆ ಯೆನ್ನೆಕೆ ಬಾಗಿಲ ಬಳಿ ಹೋಗಿ ಅವನ ಕೈ ಹಿಡಿದಳು. ಬೆಚ್ಚಗಿತ್ತು.

"ನಾಳೆ ಬೆಳಿಗ್ಗೆ ಬರ್ತೀಯಾ?"

"ಬರ್ತೀನಿ. ಏನು ಕೆಲಸ ಇದೆ ಹೇಳು."

"ಯಾವ ಕೆಲಸವೂ ಇಲ್ಲ."

ಅವನು ಅವಳನ್ನೇ ನೋಡಿದ. "ಮತ್ತೆ?"

"ಸುಮ್ಮನೆ ಬಾ."